ಅವ್ವನ ಸವೆದ ಹೆಬ್ಬೆಟ್ಟು

ನಮ್ಮವ್ವನ ಹೆಬ್ಬೆಟ್ಟಿನಲ್ಲಿ ಗೆರೆಗಳಿಲ್ಲ. ದೇಶನೂರಿನ ಸುತ್ತಲಿನ ಗದ್ದೆಗಳಲ್ಲಿ ಮೂವತ್ತು ವರ್ಷ ಭತ್ತದ ಸಸಿ ಹಚ್ಚಿದ ಕೈ ಅದು. ಕೆಸರು ಗೆರೆಗಳನ್ನೆಲ್ಲ ತಿಂದುಹಾಕಿದೆ. ರೇಷನ್ ಅಂಗಡಿಯ ಮಷಿನ್ನು ಅವಳನ್ನು ಒಂದೇ ಸಲಕ್ಕೆ ಗುರುತು ಹಿಡಿದದ್ದನ್ನು ನಾನಂತೂ ನೋಡಿಲ್ಲ. ಸೆರಗಿಗೆ ಒರೆಸು, ತಲೆಗೂದಲಿಗೆ ತಿಕ್ಕಿ ಎಣ್ಣೆ ಹತ್ತಿಸಿಕೋ, ಮತ್ತೆ ಒತ್ತು. ಅವಳ ನಾಟಿ ಗುಂಪಿನ ಹೆಂಗಸರದೆಲ್ಲ ಇದೇ ಪಾಡು. ಯಾರಾದರೂ ಇನ್ನೊಮ್ಮೆ ಒತ್ತು ಅಂದರೆ ಯಾಕೆ ಎಂದು ಕೇಳುವ ರೂಢಿಯೇ ಅವರಿಗಿರಲಿಲ್ಲ.

ಅವ್ವ ಆ ಗುಂಪಿನ ಮುಂದಾಳು. ಕ್ಯಾಂಪುಗಳಲ್ಲಿ ಬಂದು ನೆಲೆಸಿದ ತೆಲುಗು ರೈತರ ಹತ್ತಿರ ನಾಟಿಯ ಕೆಲಸ ಮಾತಾಡುವವಳು ಅವಳೇ, ಟಂಟಂ ಗಾಡಿ ಕರೆಸುವವಳೂ ಅವಳೇ. ಅವಳು ಹತ್ತಿದ ಗಾಡಿಯನ್ನು ಉಳಿದವರು ಕಣ್ಣುಮುಚ್ಚಿ ಹತ್ತುತ್ತಿದ್ದರು. ಇನ್ನು ನಾನು, ಬಳ್ಳಾರಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನವಿಡೀ ಮಂದಿಯ ಆಧಾರ್ ಜೆರಾಕ್ಸ್ ತಿರುವಿ ಹಾಕುವುದು, ಅದರ ಮೇಲೆ ಇಂಥ ಕೆಲಸಕ್ಕೆ ಮಾತ್ರ ಎಂದು ಬರೆಯದೆ ತಂದವರನ್ನು ಗದರಿಸುವುದು, ಇದು ನನ್ನ ಜಾಣತನ. ಅದು ಎಷ್ಟರದ್ದು ಎಂಬುದು ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ತೀರ್ಮಾನವಾಯಿತು.

ಅವ್ವನ ಫೋನಿನಲ್ಲಿದ್ದ, ನನ್ನ ಹೆಸರಿನ ಹಳೆ ಸಿಮ್ಮಿಗೆ ಗದ್ದೆಯಲ್ಲಿ ಸಿಗ್ನಲ್ ಬರುತ್ತಿರಲಿಲ್ಲ. ಸ್ಟ್ಯಾಂಡಿನ ಹೊರಗೆ ಛತ್ರಿ ಹಾಕಿಕೊಂಡು ಒಬ್ಬ ಹೊಸ ಸಿಮ್ ಕೊಡುತ್ತಿದ್ದ. ನರೆತ ಮೀಸೆಯ, ಮರ್ಯಾದಸ್ಥನಂತೆ ಕಾಣುವ ಮನುಷ್ಯ; ಅವ್ವನಿಗೆ ಕೂರಲು ತನ್ನ ಸ್ಟೂಲನ್ನೇ ಬಿಟ್ಟುಕೊಟ್ಟ. ಅವಳು ಒತ್ತಿದಳು. ಮಷಿನ್ನು ತಗೊಳ್ಳಲಿಲ್ಲ ಅಂದ. ಮತ್ತೆ ಒತ್ತಿದಳು. ಆಗಲೂ ತಗೊಂಡಿಲ್ಲವಂತೆ. ಮಷಿನ್ನಿಗೆ ಜೋಡಿಸಿದ ಫೋನಿನ ಮುಖ ಅವನ ಕಡೆಗೇ ಇತ್ತು. ಬಳ್ಳಾರಿ ಬಸ್ಸು ಹೊರಡುವುದರಲ್ಲಿತ್ತು, ನನಗೆ ಅವಸರ. "ಒತ್ತವ್ವ, ಲಗೂನ" ಎಂದೆ. ಒತ್ತಿದಳು. ಅವಳ ಹಿಂದೆ ಗುಂಪಿನ ಐದು ಜನ ಸಾಲಾಗಿ ನಿಂತು, ಹೇಳಿದಷ್ಟು ಸಲ ಒತ್ತಿ, ಹೊಸ ಸಿಮ್ ತಗೊಂಡು ಹೋದರು.

ಎಂಟು ತಿಂಗಳ ಮೇಲೆ ಊರಿಗೆ ಜೀಪು ಬಂತು. ಗಡಿಯಾಚೆಯ ಆಂಧ್ರದ ಪೊಲೀಸರು. ಅವ್ವನ ಹೆಸರಿನಲ್ಲಿದ್ದ ಒಂದು ನಂಬರಿನಿಂದ ಯಾರೋ ಬ್ಯಾಂಕಿನವರ ಸೋಗು ಹಾಕಿ ಅಲ್ಲಿಯ ಒಬ್ಬ ಮುದುಕಿಯನ್ನು ಬರಿಗೈ ಮಾಡಿದ್ದರು. ಅವ್ವನಿಗೆ ತೆಲುಗು ಬರದಿದ್ದರೆ ಚೆನ್ನಾಗಿತ್ತು. ಕ್ಯಾಂಪುಗಳಲ್ಲಿ ದುಡಿದವಳಿಗೆ ಅವರು ಅಂದ ಒಂದೊಂದು ಮಾತೂ ತಿಳಿಯಿತು. ಓಣಿಯ ಮಂದಿಗೂ ತಿಳಿಯಿತು.

ಮರುದಿನ ರಜೆ ಹಾಕಿ ಊರಿಗೆ ಹೋದೆ. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಸರ್ಕಾರದ್ದೇ ವೆಬ್‌ಸೈಟ್ ಇದೆ, ಅವರ ಫೋನಿಗೆ ಬರುವ ಓಟಿಪಿ ಹಾಕಿದರೆ ಎರಡು ನಿಮಿಷದ ಕೆಲಸ. ನನಗೆ ಮೊದಲೇ ಗೊತ್ತಿತ್ತು; ಗೊತ್ತಿದ್ದೂ ನೋಡಿರಲಿಲ್ಲ. ಅವ್ವನ ಹೆಸರಿನಲ್ಲಿ ಮೂರು ಇದ್ದವು, ಒತ್ತಿದ ಸಲಕ್ಕೊಂದು; ಅವಳ ಕೈಯಲ್ಲಿದ್ದದ್ದು ಒಂದು. ಉಳಿದೆರಡೂ ಅವಳದಲ್ಲ ಎಂದು ದೂರು ಹಾಕಿದೆ. ಆಧಾರಿನ ಬೆರಳಚ್ಚನ್ನು ಬೇರೆ ಯಾರೂ ಬಳಸದಂತೆ ಆನ್‌ಲೈನಿನಲ್ಲೇ ಬೀಗ ಹಾಕಿದೆ. ಇನ್ನು ರೇಷನ್ ತರುವ ದಿನ ಮಾತ್ರ ತೆಗೆದು ಮತ್ತೆ ಹಾಕಬೇಕು. ಗುಂಪಿನವರದ್ದೂ ನೋಡಿಬಿಡೋಣ ಎಂದು ಮನೆಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು.

"ನಿಮ್ಮವ್ವ ಒತ್ತಿದ್ಲಂತ ನಾವೂ ಒತ್ತಿದ್ವಿ. ಈಗ ಮಗಳು ಬಂದಿ, ಫೋನ್ ಕೊಡು ಅಂತಿ" ಅಂದಳು ಅವ್ವನ ಹಳೆಯ ಜೊತೆಗಾತಿ. ಯಾರೂ ಫೋನ್ ಕೊಡಲಿಲ್ಲ. ಆ ವಾರದಿಂದ ಟಂಟಂ ಅವ್ವನನ್ನು ಬಿಟ್ಟು ಹೋಗತೊಡಗಿತು.

ಛತ್ರಿಯವನದು ಕುರುಗೋಡು ಎಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಅವನು ಬಾಡಿಗೆಗೆ ಹಿಡಿದಿದ್ದ ಅಂಗಡಿಯಲ್ಲಿ ಈಗೊಬ್ಬ ಟೇಲರ್ ಕೂತಿದ್ದ. ಛತ್ರಿಯವನು ಎತ್ತ ಹೋದನೋ ಗೊತ್ತಿಲ್ಲ, ಆದರೆ ಮನುಷ್ಯ ಭಾಳ ಚಲೋ ಇದ್ದ ಎಂದು ಹೊಗಳಿದ ಬೇರೆ.

ಕೊನೆಗೆ ಅವ್ವನನ್ನು ಬಳ್ಳಾರಿಯ ಠಾಣೆಗೆ ಕರೆದುಕೊಂಡು ಹೋದೆ. ನಂಬರು ತನ್ನದಲ್ಲ ಎಂಬ ಹೇಳಿಕೆ ಇಲ್ಲಿ ದಾಖಲಾದರೆ ಆಂಧ್ರದವರು ಅವಳ ಹೆಸರನ್ನು ಆರೋಪಿಗಳ ಪಟ್ಟಿಯಿಂದ ಬಿಡಬಹುದು ಎಂಬ ಮಾತಿತ್ತು. ಹೇಳಿಕೆ ಬರೆದುಕೊಳ್ಳುವ ರೈಟರ್ ಎಲ್ಲವನ್ನೂ ಬರೆದ, ಓದಿ ಹೇಳಿದ, ಹಾಳೆ ತಿರುಗಿಸಿ ಇಂಕ್ ಪ್ಯಾಡ್ ಮುಂದಿಟ್ಟ. ಅವ್ವ ಒತ್ತಿದಳು. ಹಾಳೆಯ ಮೇಲೆ ಬರೀ ಕರಿ ಮಚ್ಚೆ, ಒಂದು ಗೆರೆಯೂ ಇಲ್ಲ.

"ಸರಿ ಮೂಡಿಲ್ಲ ನೋಡವ್ವ. ಇನ್ನೊಮ್ಮಿ ಒತ್ತು" ಅಂದ ರೈಟರ್.

ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಒಲ್ಲೆರಿ. ಒಂದು ಕೊಟ್ಟೀನಲ್ರಿ. ಇನ್ನೊಂದು ಯಾತಕ್ಕ?"

ಜನ್ಮದಲ್ಲಿ ಅವಳು ಯಾರನ್ನೂ ಕೇಳಿರದ ಪ್ರಶ್ನೆ. ಸರಿಯಾದ ಪ್ರಶ್ನೆಯೇ; ನಾನೇ ಒಂದು ವಾರ ಕೂರಿಸಿಕೊಂಡು ಕಲಿಸಿದ್ದೆ. ರೈಟರ್ ಒಳ್ಳೆಯವನು, ಬೈಯಲಿಲ್ಲ. ಅಚ್ಚು ಸರಿ ಮೂಡದ ಹೇಳಿಕೆಯನ್ನು ಆಚೆಯವರು ಒಪ್ಪುವುದಿಲ್ಲ ಎಂದು ಎರಡು ಸಲ ಬಿಡಿಸಿ ಹೇಳಿದ. ಅವ್ವ ಅಲುಗಲಿಲ್ಲ. ಆಮೇಲೆ ಅವನು ನನ್ನ ಮುಖ ನೋಡಿದ.

ಸೆರಗಿನೊಳಗಿನ ಆ ಕೈಯನ್ನು ನಾನೇ ಹೊರಗೆ ತೆಗೆದೆ. "ಒತ್ತವ್ವ" ಅಂದೆ. ಅವಳು ಹಾಳೆಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ ಒತ್ತಿದಳು.