ಮಾದಪ್ಪನಿಗೆ ಬೇರೊಂದು ಬಳ್ಳಿ

ಬೆಳಗಿನ ಐದೂವರೆ. ಬೇಗೂರಿನ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಗುರುಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಿಡಿಸೌತೆಯ ರಾಶಿಯ ಮುಂದೆ ನಿಂತಿದ್ದಾರೆ. ಕಿರುಬೆರಳಿನಷ್ಟಿದ್ದರೆ ಒಂದನೇ ನಂಬರು, ಹೆಬ್ಬೆರಳಿನಷ್ಟಿದ್ದರೆ ಎರಡು, ಅದಕ್ಕೂ ದಪ್ಪಗಿದ್ದರೆ ಮೂರು. ಅಳೆಯಲೆಂದು ಕಂಪನಿ ಕೊಟ್ಟ ತೂತಿನ ಪಟ್ಟಿ ಮೊಳೆಯಲ್ಲಿ ನೇತಾಡುತ್ತಿದೆ. "ಅದ್ನ ಯಾರ್ ಮುಟ್ಟರು? ನನ್ ಕೈಯೇ ಯೋಳ್ತದ" ಎನ್ನುತ್ತಾರೆ, ರಾಶಿಯಿಂದ ಕಣ್ಣೆತ್ತದೆ. ಎಂಟಕ್ಕೆ ಲಾರಿ ಹೊರಡುವಷ್ಟರಲ್ಲಿ ಅವರೊಬ್ಬರ ಕೈಯಲ್ಲೇ ಹನ್ನೆರಡು ಕ್ರೇಟು ದಾಟುತ್ತದೆ.

ಕಂಪನಿ ಹಾಲೆಂಡಿನವರದು. ಇಲ್ಲಿನ ಕಾಯಿ ಉಪ್ಪುನೀರಿನ ಪೀಪಾಯಿ ಸೇರಿ ಹಡಗು ಹತ್ತುತ್ತದೆ. ಬೇಗೂರಿನಲ್ಲಿ ಯಾರೂ ಅದನ್ನು ಬಾಯಿಗಿಡುವುದಿಲ್ಲ, ಬರೀ ಸಪ್ಪೆಯಂತೆ. ಆದರೆ ಆ ಸಪ್ಪೆ ಕಾಯಿಯನ್ನೇ ನಂಬಿ ಈಗ ನೂರಾ ಅರವತ್ತು ಹೊಲಗಳಿವೆ, ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರು, ಕ್ರೇಟು ಹೊರುವ ಆರು ಗಂಡಸರು, ಎದುರಿಗೆ ಹೊಸದೊಂದು ಟೀ ಅಂಗಡಿ.

ಎರಡು ವರ್ಷದ ಹಿಂದೆ, ತೊಂಬತ್ತೈದರಲ್ಲಿ, ಈ ಶೆಡ್ಡು ಬರುವವರೆಗೆ ಗುರುಮಲ್ಲಮ್ಮ ಎಂಟು ವರ್ಷ ವಯನಾಡಿನ ಶುಂಠಿ ಹೊಲಗಳಲ್ಲಿ ಕೂಲಿ ಮಾಡಿದವರು. ಮುಂಜಾನೆ ಕೇರಳದ ಜೀಪು ಹಾರ್ನ್ ಹೊಡೆದರೆ ಓಡಿ ಹತ್ತಬೇಕು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. "ನನ್ ಮಗ್ಳು ದೊಡ್ಡೋಳಾಗಿದ್ದು ನನ್ಗ ಎಂಟ್ ದಿವ್ಸ ಆದ್ಮೇಲ್ ಗೊತ್ತಾಯ್ತು ಕಣಪ್ಪ" ಎನ್ನುತ್ತಾ ಮುಂದಿನ ಕಾಯಿಗೆ ಕೈ ಹಾಕುತ್ತಾರೆ.

ಹೋದ ವರ್ಷ ಮತ್ತೆ ಆ ಜೀಪೇ ಗತಿ ಎನ್ನುವಂತಾಗಿತ್ತು. ಮೊದಲ ವರ್ಷ ಇದ್ದದ್ದು ಹತ್ತೇ ಹೊಲ, ಕಂಪನಿಯವರೇ ನಿಂತು ಕಾಯಿ ಕೀಳಿಸಿದ್ದರು. ಹೊಲ ಹೆಚ್ಚಿದಾಗ ಫಸಲು ಕೈಕೊಟ್ಟಿತು. ತಿಂಗಳುಗಟ್ಟಲೆ ಕಾಯಿ ಬಿಡಬೇಕಾದ ಬಳ್ಳಿ ಎರಡೇ ವಾರಕ್ಕೆ ಸುಸ್ತು. ಕಂಪನಿಯ ಫೀಲ್ಡ್ ಆಫೀಸರ್, ಹರದನಹಳ್ಳಿಯ ಶಾಂತರಾಜು ಗೊಬ್ಬರ ಬದಲಿಸಿದರು, ಔಷಧಿ ಬದಲಿಸಿದರು. ಕೊನೆಗೆ ಈ ಮಣ್ಣೇ ಆಗಿಬರುವುದಿಲ್ಲವೆಂದು ಮೇಲಿನವರು ತೀರ್ಮಾನಿಸಿ, ಶೆಡ್ಡು ಎತ್ತಲು ದಿನ ಗೊತ್ತುಮಾಡಿದರು.

ಆ ಸೋಮವಾರ ಗುರುಮಲ್ಲಮ್ಮ ಮಾದಪ್ಪನ ಗುಡಿಗೆ ಹೋಗಿದ್ದಾರೆ. ಮೆಟ್ಟಿಲ ಮೇಲೆ ಹಳದಿ ತಿರುಗಿ ಗುಂಡಗಾದ ಮಿಡಿಸೌತೆಯ ರಾಶಿ! ಅಲ್ಲಿಂದ ನೇರ ರೈತ ಪುಟ್ಟಮಲ್ಲಪ್ಪನವರ ಹೊಲಕ್ಕೆ ನಡೆದು ಎಲೆ ಸರಿಸಿ ನೋಡಿದರೆ, ಪ್ರತಿ ಬಳ್ಳಿಯ ಬುಡದಲ್ಲೂ ಬಲಿತ ಕಾಯಿ ಒಂದೊಂದು.

"ಮೊದುಲ್ ಕಾಯಿ ಮಾದಪ್ಪಂದು ಕಣಮ್ಮ. ಎಳೇದ್ನೇ ಕಿತ್ತು ಮಾರ್ಬುಡದಾ?" ಎಂದರಂತೆ ಪುಟ್ಟಮಲ್ಲಪ್ಪ.

"ಒಂದ್ ಕಾಯಿ ಬಲ್ತು ಬೀಜ ಕಟ್ಬುಟ್ರ ಬಳ್ಳಿ ಮತ್ಯಾಕ್ ಬುಡ್ತದ? ಅದ್ರ ಕೆಲ್ಸ ಮುಗ್ದೋಯ್ತಲ್ಲ" ಎಂದರಂತೆ ಇವರು. "ಬಳ್ಳಿಗೊಂದು ಕಾಯಿ ಕೊಡು ಅಂತ ಮಾದಪ್ಪ ಕೇಳವ್ನಾ? ಮೂಲೇಲಿ ಒಂದ್ ನಾಟಿ ಸೌತೆ ಬಳ್ಳಿ ಆಕಿ, ಅದು ಅವಂದು. ಇದು ನಮ್ದು."

ದೇವರ ಪಾಲೂ ತಪ್ಪಲಿಲ್ಲ, ಕಂಪನಿಯ ಪಾಲೂ ತಪ್ಪಲಿಲ್ಲ. ಶೆಡ್ಡಿನ ಕೆಲಸ ಮುಗಿಸಿ ಒಂಬತ್ತು ದಿನ ಬಿಸಿಲಲ್ಲಿ ಹೊಲ ಹೊಲ ಅಲೆದು, ನೂರಾ ಅರವತ್ತು ಮನೆಯವರನ್ನೂ ಒಪ್ಪಿಸಿದರು. ಮುಂದಿನ ಬಿತ್ತನೆಯ ತನಕ ಕಾಯುವಂತೆ ಶಾಂತರಾಜು ಮೇಲಿನವರ ಕೈಕಾಲು ಹಿಡಿದರು. "ನಾನು ಓದಿದ್ದು ಕೃಷಿ, ಸಾರ್. ಎಲೆ ಸರಿಸಿ ನೋಡಿದ್ದು ಆಯಮ್ಮ" ಎಂದು ಅವರೇ ನಗುತ್ತಾರೆ. ಈ ವರ್ಷ ಶೆಡ್ಡಿಗೆ ದಿನಕ್ಕೆ ಮೂರು ಟನ್ ಬರುತ್ತಿದೆ. ಕಂಪನಿಯ ಪುಸ್ತಕದಲ್ಲಿ ಮಾತ್ರ ಗುರುಮಲ್ಲಮ್ಮ ಇಂದಿಗೂ ಗ್ರೇಡರ್ ನಂಬರ್ ಹದಿನಾಲ್ಕು. ಕಾಯಿ ಎಲೆಮರೆಯಲ್ಲೇ ಉಳಿಯುವುದು ಹೀಗೆ.

ಆರೂಕಾಲಿಗೆ ರಸ್ತೆಯಲ್ಲಿ ಹಾರ್ನ್. ವಯನಾಡಿನ ಜೀಪು ಹಳೆಯ ಅಭ್ಯಾಸಕ್ಕೆ ಶೆಡ್ಡಿನ ಮುಂದೆ ನಿಧಾನಿಸುತ್ತದೆ. ಡ್ರೈವರ್ ಕತ್ತು ಹೊರಹಾಕಿ, "ಆಳುಂಡೋ ಚೇಚಿ?" ಎಂದು ಮಲಯಾಳದಲ್ಲಿ ಕೂಲಿಯಾಳು ಕೇಳಿ ಕೂಗುತ್ತಾನೆ.

ಅಷ್ಟು ಹೊತ್ತಿನಲ್ಲಿ ಮೊದಲ ಸಲ ಗುರುಮಲ್ಲಮ್ಮ ರಾಶಿಯಿಂದ ತಲೆ ಎತ್ತುತ್ತಾರೆ.

"ಓಗಪ್ಪ ಓಗು! ಇಲ್ಲಿ ಯಾರೂ ಕಾಲಿ ಇಲ್ಲ!"