ಹನುಮವ್ವನ ಹಾಡು ಇದ್ದ ಫೈಲು

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ವಿಡಿಯೋ ಇಳಿಸಿಕೊಳ್ಳುತ್ತಿದ್ದೆ. ಅರ್ಧ ಇಳಿಯುವಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಇದೇ ಹೆಸರಿನ ಫೈಲು ಆಗಲೇ ಇಲ್ಲಿದೆ, ಅದನ್ನು ತೆಗೆದು ಇದನ್ನು ಇಡಲೇ ಎಂದು ಕೇಳುವ ಚೌಕ. ನೀವೂ ನೋಡಿರುತ್ತೀರಿ. ಬಹುಶಃ ಯೋಚನೆಯೇ ಇಲ್ಲದೆ ಹೌದು ಎಂದು ಒತ್ತಿಯೂ ಇರುತ್ತೀರಿ. ನನ್ನ ಕೈ ಮಾತ್ರ ಮೌಸಿನ ಮೇಲಿಂದ ತಾನಾಗಿಯೇ ಹಿಂದಕ್ಕೆ ಬಂತು. ಪಕ್ಕದ ಮೇಜಿನವರು, "ಯಾಕ್ರಿ ಮೇಡಂ, ಹ್ಯಾಂಗ್ ಆತೇನ್ರಿ?" ಎಂದರು. ಕಂಪ್ಯೂಟರ್ ಆಗಿಲ್ಲ, ನಾನು ಆಗಿದ್ದೇನೆ ಎಂದು ಹೇಳಲಿಲ್ಲ.

ಈಗ ನಾನು ಕೊಪ್ಪಳದಲ್ಲಿ ಮಕ್ಕಳ ಪಾಠದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲು ಎಂಟು ವರ್ಷ ಗಂಗಾವತಿಯಲ್ಲಿ ಮಾಬುಸಾಬರ ಅಂಗಡಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದೆ. ಮಾಬುಸಾಬರು ಸುತ್ತಿನ ಊರುಗಳಿಗೆಲ್ಲ ಮೊದಲು ವಿಡಿಯೋ ಕ್ಯಾಮೆರಾ ತಂದವರು. ತೊಂಬತ್ತೇಳರಲ್ಲಿ ಅವರ ಹೆಗಲ ಮೇಲೆ ಆ ದೊಡ್ಡ ಯಂತ್ರ ಕಂಡರೆ ಜನ ಮದುಮಕ್ಕಳನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರಂತೆ. ಆಗೆಲ್ಲ ಕ್ಯಾಸೆಟ್. ಒಂದು ಕ್ಯಾಸೆಟ್ ತುಂಬಿದ ಕೂಡಲೇ ಅವರು ನಿಂತಲ್ಲೇ ಅದರ ಬೆನ್ನಿಗೆ ಪಟ್ಟಿ ಅಂಟಿಸಿ ಊರು, ಹುಡುಗಿ ಹೆಸರು, ಯಾವ ಶಾಸ್ತ್ರ ಎಂದು ಬರೆಯುತ್ತಿದ್ದರು. ಅವರ ಅಕ್ಷರ ಗುಂಡಗೆ, ಹುರಿದ ಕಡಲೆಯಂತೆ.

ನಾನು ಸೇರಿ ಒಂದಷ್ಟು ವರ್ಷಕ್ಕೆ ಕಾರ್ಡಿನ ಕ್ಯಾಮೆರಾಗಳು ಬಂದವು. ಅವಕ್ಕೆ ಪಟ್ಟಿ ಅಂಟಿಸುವ ಹಾಗಿಲ್ಲ. ಕ್ಯಾಮೆರಾ ತಾನೇ ಹೆಸರಿಡುತ್ತದೆ, ಸೊನ್ನೆ ಸೊನ್ನೆ ಸೊನ್ನೆ ಒಂದು, ಸೊನ್ನೆ ಸೊನ್ನೆ ಸೊನ್ನೆ ಎರಡು. ಕಾರ್ಡು ಖಾಲಿ ಮಾಡಿದರೆ ಮತ್ತೆ ಒಂದರಿಂದ. ನಮ್ಮ ಎರಡು ಕ್ಯಾಮೆರಾಗಳೂ ಒಂದೇ ಕಂಪನಿಯವು, ಎರಡೂ ಇಡುವ ಹೆಸರು ಒಂದೇ. ಮಾಬುಸಾಬರು ಒಮ್ಮೆ ಕೇಳಿದ್ದರು, "ಎಲ್ಲಾಕೂ ಒಂದ ಹೆಸರಾದ್ರ ಗುರ್ತ ಹೆಂಗವಾ?" ನಾನು ಕಾಲೇಜು ಕಲಿತವಳು, ಗತ್ತಿನಿಂದ ಹೇಳಿದೆ, "ಕಂಪ್ಯೂಟರಿಗೆ ಗೊತ್ತಿರ್ತೈತ್ರಿ ಮಾಮಾ."

ನಮ್ಮ ಕಡೆ ಹನುಮವ್ವ ಎಂಬ ಹೆಸರಿನವರು ಓಣಿಗೆ ನಾಲ್ವರಿರುತ್ತಾರೆ. ಗಿರಣಿ ಹನುಮವ್ವ, ಬಾವಿಕಟ್ಟಿ ಹನುಮವ್ವ ಎಂದು ಜನ ಗುರುತು ಹಚ್ಚಿಕೊಂಡು ಬದುಕುತ್ತಾರೆ. ಒಬ್ಬ ಹನುಮವ್ವ ಮನೆಯೊಳಗೆ ಬಂದರೆ ಇನ್ನೊಬ್ಬಳು ಇಲ್ಲವಾಗುವುದಿಲ್ಲ. ಫೈಲುಗಳ ಬಾಳು ಹಾಗಲ್ಲ ಎಂಬುದು ನನಗೆ ತಿಳಿದದ್ದು ಮರಳಿಯ ಹನುಮವ್ವನಿಂದ.

ಮರಳಿ ಗಂಗಾವತಿಯ ಹತ್ತಿರದ ಭತ್ತದ ಸೀಮೆಯ ಊರು. ಅಲ್ಲಿಯ ರೇಣುಕಾಳ ಮದುವೆ. ಹನುಮವ್ವ ರೇಣುಕಾಳ ತಾಯಿ. ಅರಿಷಿಣ ಹಚ್ಚುವ ದಿನಕ್ಕೆ ನಮ್ಮ ಅಂಗಡಿಯ ದೇವಪ್ಪಣ್ಣ ಒಬ್ಬನೇ ಕ್ಯಾಮೆರಾ ಹಿಡಿದು ಹೋಗಿದ್ದ. ದೇವಪ್ಪಣ್ಣ ನಲವತ್ತು ದಾಟಿದವನು. ಓದು ಕಡಿಮೆ, ಕಣ್ಣು ಭಾಳ ಛಲೋ. ಯಾರು ಯಾವಾಗ ಅಳುತ್ತಾರೆ, ಯಾರು ನಗುತ್ತಾರೆ ಎಂದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಬಂದವನೇ ಕಾರ್ಡು ಕೈಗಿಟ್ಟು, "ತಂಗೀ, ಹುಡುಗಿ ಅವ್ವ ಏನ್ ಹಾಡ್ಯಾಳ ಅಂತಿ! ಅದನ್ನ ಕತ್ತರಸಬ್ಯಾಡ, ಪೂರಾ ಇಡು" ಎಂದ.

ಚಹಾ ಕುಡಿಯುತ್ತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪೂರಾ ಕೇಳಿದೆ. ನಾಲ್ಕೈದು ನಿಮಿಷದ ಸೋಬಾನ ಪದ. ಕೇಳಿ, ಇಳಿಸಿಕೊಂಡು, ಎಡಿಟಿಂಗಿನಲ್ಲಿ ಮೊದಲಿಗೇ ಅದನ್ನು ಇಟ್ಟೆ. ಎರಡು ದಿನದ ಮೇಲೆ ಹಿಟ್ನಾಳದ ಇನ್ನೊಂದು ಮದುವೆಯ ಕಾರ್ಡು ಬಂತು. ಬೇರೆ ಫೋಲ್ಡರ್ ಮಾಡಿ ಅದಕ್ಕೆ ಇಳಿಸತೊಡಗಿದೆ. ನಡುವೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಶುರು ಮಾಡುವಾಗ, ನೋಡದೆ, ಮರಳಿಯ ಫೋಲ್ಡರನ್ನೇ ಆರಿಸಿದ್ದೆ. ಚೌಕ ಎದ್ದಿತು, ಈ ಹೆಸರಿನ ಫೈಲು ಆಗಲೇ ಇದೆ. ಇರಲೇಬೇಕಲ್ಲ, ಆಗ ಅರ್ಧ ಇಳಿದಿತ್ತಲ್ಲ ಎಂದುಕೊಂಡು ಎಲ್ಲಕ್ಕೂ ಹೌದು ಎಂದು ಒತ್ತಿದೆ. ಮರಳಿಯ ಮೊದಲ ನಲವತ್ತು ಫೈಲುಗಳ ಜಾಗದಲ್ಲಿ ಹಿಟ್ನಾಳದ ನಲವತ್ತು ಕೂತವು. ಮರಳಿಯ ಕಾರ್ಡನ್ನು ಅಷ್ಟರಲ್ಲಿ ಅಳಿಸಿ ಬೇರೆ ಮದುವೆಗೆ ಕಳಿಸಿಯಾಗಿತ್ತು.

ಮರುದಿನ ಮರಳಿಯ ಕೆಲಸ ತೆರೆದರೆ ಹನುಮವ್ವ ಹಾಡಬೇಕಾದಲ್ಲಿ ಹಿಟ್ನಾಳದ ಬೀಗರು ಊಟಕ್ಕೆ ಕೂತಿದ್ದರು. ಎಡಿಟಿಂಗ್ ಸಾಫ್ಟ್‌ವೇರು ಒಂದು ಮಾತೂ ತಕರಾರು ಮಾಡಿರಲಿಲ್ಲ. ಅದು ಹೆಸರು ನೋಡುತ್ತದೆ, ಮುಖ ನೋಡುವುದಿಲ್ಲ. ಅಳಿಸಿದ್ದನ್ನು ತಿರುಗಿ ತರುವ ಎಷ್ಟೋ ಉಪಾಯ ಮಾಡಿದೆ. ಸಿಗಲಿಲ್ಲ. ಅರಿಷಿಣದ ಶಾಸ್ತ್ರವಿರುವಲ್ಲಿ ನಾಲ್ಕು ಫೋಟೋ ಹಾಕಿ, ಮೇಲೆ ಶಹನಾಯಿ ಹಚ್ಚಿ, ಡಿವಿಡಿ ಮಾಡಿ ಕೊಟ್ಟೆ. ಅರಿಷಿಣ ಯಾವ ಮದುವೆಯಲ್ಲಿ ಇರುವುದಿಲ್ಲ, ಯಾರು ಹುಡುಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ ರೇಣುಕಾ ಅಂಗಡಿಗೆ ಬಂದಳು. ಕೈಯಲ್ಲಿ ನಮ್ಮದೇ ಡಿವಿಡಿ.

"ಅಕ್ಕಾರ, ನಮ್ಮವ್ವ ತೀರಿಕೊಂಡ್ಲು. ಮೂರ ದಿನ ಜ್ವರ ಬಂದಿದ್ದ ನೆವ. ಇದರಾಗ ಅಕಿ ಹಾಡಿದ್ದು ಎಲ್ಲೈತ್ರಿ? ನಾವು ಎಷ್ಟ ಹುಡುಕಿದ್ರೂ ಸಿಗವಲ್ದು. ತಾಳಿ ಕಟ್ಟೋ ಮುಂದೂ ಅಕಿ ಒಳಗ ಅಡಗಿ ಮನ್ಯಾಗ ಇದ್ಲು. ಎಲ್ಲೂ ಕಾಣವಲ್ಲಳು."

ಮಾಬುಸಾಬರು ಅವಳನ್ನು ಕೂಡಿಸಿ, ನೀರು ಕೊಟ್ಟು, ದೇವಪ್ಪಣ್ಣನನ್ನು ಕರೆಸಿದರು. ಅವನು ಬಂದು, "ತಗದೀನ್ರಿ. ಪೂರಾ ಪದ ತಗದೀನಿ" ಎಂದ. ಮಾಬುಸಾಬರು ನನ್ನತ್ತ ತಿರುಗಿದರು.

"ಏನವಾ, ಕಾರ್ಡಿನ್ಯಾಗ ಇತ್ತೇನು?"

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಇವತ್ತಿಗೂ ನೆಟ್ಟಗೆ ಹೇಳಲಾರೆ. ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಕಂಪ್ಯೂಟರ್ ಬಲ್ಲವಳು ಎಂಬ ನನ್ನ ಆ ಒಣ ಹೆಸರು ಇತ್ತು.

"ಇದ್ದಿಲ್ರಿ ಮಾಮಾ" ಎಂದೆ.

ದೇವಪ್ಪಣ್ಣ ನನ್ನ ಮುಖ ನೋಡಿದ. ನಾನು ಕೀಲಿಮಣೆ ನೋಡಿದೆ. "ರೆಕಾರ್ಡ್ ಬಟನ್ ಒತ್ತಾಕ ಮರತಿರಬೇಕು ಬಿಡು" ಎಂದರು ಮಾಬುಸಾಬರು, ಸಿಟ್ಟಿಲ್ಲದೆ. ಆದರೆ ಆ ಮಾತು ಅಂಗಡಿಯ ಹೊರಗೆ ಹೋಯಿತು. ದೇವಪ್ಪ ಬಟನ್ ಮರೆಯುತ್ತಾನೆ ಎಂದಾಯಿತು. ಒಂದೊಂದಾಗಿ ಮದುವೆ ಮನೆಯವರು ಬೇರೆಯವರನ್ನು ಕಳಿಸಿರಿ ಎನ್ನತೊಡಗಿದರು. ಆರು ತಿಂಗಳೊಳಗೆ ಅವನು ಅಕ್ಕಿ ಗಿರಣಿಯ ಲಾರಿಗೆ ಡ್ರೈವರ್ ಆಗಿ ಹೋದ. ನಾನು ಅದೇ ಕುರ್ಚಿಯಲ್ಲಿ ಕೂತು ಬೇರೆಯವರ ಮದುವೆ ಕತ್ತರಿಸುತ್ತಿದ್ದೆ. ಊಟ ಸೇರುತ್ತಿತ್ತು, ಸುಳ್ಳು ಹೇಳಲಾರೆ. ಸೋಬಾನ ಪದ ಬಂದಾಗ ಮಾತ್ರ ಹೆಡ್‌ಫೋನ್ ತೆಗೆದಿಡುತ್ತಿದ್ದೆ.

ವರ್ಷದ ಮೇಲೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ದೇವಪ್ಪಣ್ಣ ಸಿಕ್ಕ. ನಾನು ಬೇರೆ ಕಡೆ ತಿರುಗುವಷ್ಟರಲ್ಲಿ ಅವನೇ ಎದುರು ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಛಲೋ ಇತ್ತು.

"ತಂಗೀ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ" ಎಂದ. "ಅವತ್ತ ಮರಳ್ಯಾಗ ನಾ ಬಟನ್ ಒತ್ತಿದ್ದೆ ಅಂತ ನನಗ ಖಾತ್ರಿ ಇತ್ತು. ಕೆಂಪ ದೀಪ ಕಂಡಿದ್ದೆ. ಈಗೀಗ ನನಗೂ ಸಂಶೇ ಬರಾಕ ಹತ್ತೈತಿ. ಲಾರಿ ಹೊಡಿವಾಗನೂ ಬ್ರೇಕ್ ಒತ್ತೀನೋ ಇಲ್ಲೋ ಅಂತ ಎರಡೆರಡ ಸಲ ನೋಡ್ತೀನಿ. ಖರೇನ ಕಾರ್ಡಿನ್ಯಾಗ ಇದ್ದಿಲ್ಲೇನು?"

ಕೆಲಸ ಹೋದದ್ದಕ್ಕಿಂತ ಇದು ದೊಡ್ಡದು ಎಂದು ಆಗ ಅರ್ಥವಾಯಿತು. ಅವನ ಕಣ್ಣಿನ ಮೇಲೆ ಅವನಿಗಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೆ.

"ಒತ್ತಿದ್ದಿ ಅಣ್ಣಾ" ಎಂದೆ. "ಪೂರಾ ಪದ ಇತ್ತು. ನಾ ಕೇಳೀನಿ. ನಾನ ಅಳಿಸಿದೆ. ಅಂಜಿ ಸುಳ್ಳ ಹೇಳಿದೆ."

ಅವನು ಕಲ್ಲಿನ ಕಟ್ಟೆಯ ಮೇಲೆ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹಂಗಾರ ನಾ ಒತ್ತಿದ್ದೆ" ಎಂದ, ನನಗಲ್ಲ, ತನಗೇ. ಆಮೇಲೆ ಎದ್ದು, "ಆ ಹುಡುಗಿಗೆ ಹೇಳು" ಎಂದಷ್ಟೇ ಹೇಳಿ ತನ್ನ ಬಸ್ಸು ಹತ್ತಿದ.

ಮಾಬುಸಾಬರಿಗೆ ಹೇಳಿದೆ. ಅವರು ಬೈಯಲಿಲ್ಲ. ಸಂಜೆ ತಾವೇ ದೇವಪ್ಪಣ್ಣನ ಮನೆಗೆ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡು ಬಂದರು. ದೇವಪ್ಪಣ್ಣ ಅವರಿಗೆ ಚಹಾ ಕೊಟ್ಟನಂತೆ. ತಿರುಗಿ ಕ್ಯಾಮೆರಾ ಮಾತ್ರ ಹಿಡಿಯಲಿಲ್ಲ.

ರೇಣುಕಾಳ ಗಂಡನ ಮನೆ ಯಲಬುರ್ಗಾದಲ್ಲಿ. ಬಸ್ಸಿನುದ್ದಕ್ಕೂ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋದವಳು, ಬಾಗಿಲಲ್ಲಿ ಅವಳನ್ನು ಕಂಡ ಕೂಡಲೇ ಎಲ್ಲ ಮರೆತು, "ನಾನ ಅಳಿಸೀನಿ ರೇಣುಕಾ" ಎಂದೆ. ಅವಳ ಕಂಕುಳಲ್ಲಿ ಕೂಸಿತ್ತು. ಒಳಗೆ ಕರೆದಳು. ಎಲ್ಲ ಕೇಳಿದಳು. ಹೊರಗೆ ಹೋಗು ಎನ್ನುತ್ತಾಳೆಂದು ಕಾಯುತ್ತಿದ್ದೆ.

"ಅಳಿಸೋಕಿಂತ ಮೊದಲ ನೀವು ಕೇಳಿದ್ರೇನ್ರಿ?" ಎಂದಳು.

"ಕೇಳಿದ್ದೆ."

"ಪೂರಾ?"

"ಪೂರಾ."

"ನನಗ ಅವತ್ತು ಕಿವಿ ಮ್ಯಾಲ ಖಬರ ಇದ್ದಿಲ್ರಿ. ಮೈಗೆಲ್ಲ ಅರಿಷಿಣ, ಸುತ್ತೆಲ್ಲ ಮಂದಿ. ಅವ್ವ ಹಾಡ್ಯಾಳ ಅಂತ ಗೊತ್ತು, ಏನ ಹಾಡಿದ್ಲೋ ಗೊತ್ತಿಲ್ಲ. ಹ್ಯಾಂಗ ಹಾಡಿದ್ಲು, ಹೇಳ್ರಿ."

ಹೇಳಿದೆ. ಹಾಡುವ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ್ದು. ಮೂರನೆಯ ಸಾಲು ಮರೆತು ಪಕ್ಕದವಳನ್ನು ಕೇಳಿ, ಅವಳಿಗೂ ನೆನಪಾಗದೆ ಇಬ್ಬರೂ ನಕ್ಕಿದ್ದು. ಮತ್ತೆ ಮೊದಲಿನಿಂದ ಹಿಡಿದಾಗ ದನಿ ಸ್ವಲ್ಪ ಒಡೆದದ್ದು. ಮಗಳ ಹೆಸರು ಸೇರಿಸಿ ಹಾಡುವ ಕಡೆ, ಹೆಸರು ಬಂದಾಗ ಅರಿಷಿಣದ ಬಟ್ಟಲ ಕಡೆ ನೋಡಿದ್ದು, ಮಗಳ ಕಡೆ ನೋಡದೇ ಇದ್ದದ್ದು. ರೇಣುಕಾ ಕೂಸಿನ ತಲೆಯ ಮೇಲೆ ಗದ್ದ ಇಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಅತ್ತಳು. ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಫೋನ್ ನಂಬರು ಬರೆಸಿಕೊಂಡಳು.

ಅಂದಿನಿಂದ ಪ್ರತಿ ವರ್ಷ ಅವ್ವನ ತಿಥಿಯ ದಿನ ಫೋನು ಮಾಡುತ್ತಾಳೆ. "ಅಕ್ಕಾರ, ಇನ್ನೊಮ್ಮೆ ಹೇಳ್ರಿ." ನಾನು ಹೇಳುತ್ತೇನೆ. ಮೊದಮೊದಲು ಕಣ್ಣು ಮುಚ್ಚಿದರೆ ಎಲ್ಲ ಎದುರಿಗೇ ಇರುತ್ತಿತ್ತು. ವರ್ಷ ಹೋದಂತೆ ನನಗೆ ಹನುಮವ್ವ ಕಾಣುವುದು ಕಡಿಮೆಯಾಗಿ, ಹೋದ ಸಲ ನಾನೇ ಹೇಳಿದ ಮಾತು ಕೇಳಿಸತೊಡಗಿತು. ನಕ್ಕವರು ಇಬ್ಬರೋ ಮೂವರೋ? ಕೆಮ್ಮಿದ್ದು ಮೊದಲೋ ನಡುವೆಯೋ? ಅವಳಿಗೆ ತಿಳಿಯಬಾರದೆಂದು ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ. ಅದೂ ಒಂದು ಬಗೆಯ ಸುಳ್ಳೇ.

ಹೋದ ತಿಂಗಳ ಫೋನಿನಲ್ಲಿ, "ಯಾವ ಸೀರಿ ಉಟ್ಟಿದ್ಲು ಅಂದ್ರಿ?" ಎಂದು ಕೇಳಿದಳು.

"ಹಸರು" ಎಂದೆ.

"ಹೋದ ವರ್ಸ ಹಳದಿ ಅಂದಿದ್ರಿ, ಅಕ್ಕಾರ."

ನನಗೆ ಅಳು ಬಂತು. ಎರಡನೆಯ ಸಲವೂ ನನ್ನ ಕೈಯಿಂದಲೇ ಹನುಮವ್ವ ಹೋಗುತ್ತಿದ್ದಾಳೆ ಎನಿಸಿತು. "ನನಗ ನೆನಪಾಗವಲ್ದು ರೇಣುಕಾ" ಎಂದೆ, ಮೊದಲ ಸಲ.

ಇವತ್ತು ಆ ಚೌಕಕ್ಕೆ ಬೇಡ ಎಂದು ಒತ್ತಿ, ಊಟದ ಹೊತ್ತಿಗೆ ಒಂದು ಹಾಳೆ ತೆಗೆದುಕೊಂಡು ಕೂತೆ. ನನಗೆ ಖಾತ್ರಿ ಇರುವುದನ್ನು ಮಾತ್ರ ಬರೆದೆ. ಬಹಳ ಉಳಿದಿಲ್ಲ, ಒಂದು ಪುಟವೂ ತುಂಬಲಿಲ್ಲ. ಸಂಶಯ ಇದ್ದಲ್ಲಿ ಸಂಶಯ ಎಂದೇ ಬರೆದೆ. ಸೀರೆಯ ಬಣ್ಣದ ಜಾಗ ಖಾಲಿ ಬಿಟ್ಟೆ. ಭಾನುವಾರ ಯಲಬುರ್ಗಾಕ್ಕೆ ಹೋಗಿ ಕೊಟ್ಟು ಬರುತ್ತೇನೆ. ಸೀರೆಯನ್ನು ರೇಣುಕಾ ಬರೆದುಕೊಳ್ಳಲಿ. ಅಂದು ಫೋನಿನಲ್ಲಿ, ನಾನು ನೆನಪಿಲ್ಲ ಎಂದಾಗ, ಅವಳೇ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ್ದಳು:

"ಇರ್ಲಿ ಬಿಡ್ರಿ ಅಕ್ಕಾರ, ಅಳಬ್ಯಾಡ್ರಿ. ಹಸರೂ ಇತ್ತು, ಹಳದೀನೂ ಇತ್ತು ಅಕಿ ಕಡೆ. ಯಾವುದನ್ನಾರ ಉಡಸ್ರಿ. ಹಾಡಿದ್ದ ಹೇಳ್ರಿ."