ಗಿಣಿಮೂತಿಯ ಮಹಜರು

ಅರಳಗುಪ್ಪೆಯ ಲಕ್ಕಯ್ಯನಿಗೆ ಕಬ್ಬಿಣ ಅರ್ಥವಾಗುತ್ತಿತ್ತು, ಕಾಗದ ಅರ್ಥವಾಗುತ್ತಿರಲಿಲ್ಲ. ಕಬ್ಬಿಣ ಕಾದರೆ ಬಗ್ಗುತ್ತದೆ, ಆರಿದರೆ ಬಿಗಿಯುತ್ತದೆ, ಅದರಲ್ಲಿ ಮೋಸವಿಲ್ಲ. ಕಾಗದದ ಜಾತಿಯೇ ಬೇರೆ. ತುರುವೇಕೆರೆಯಲ್ಲಿ ಒಂದು ಅರ್ಥ ಕೊಟ್ಟರೆ ಮದರಾಸಿನಲ್ಲಿ ಇನ್ನೊಂದು ಕೊಡುತ್ತದೆ. ಅರವತ್ತು ದಾಟಿದ ಮೇಲೂ ಲಕ್ಕಯ್ಯ ಸಿಕ್ಕಿದವರನ್ನೆಲ್ಲ ನಿಲ್ಲಿಸಿ, 'ಅದೆಂಗೆ ಅಂತ ನೀವಾದ್ರೂ ಹೇಳ್ರಪ್ಪ' ಎಂದು ಕೇಳುತ್ತಿದ್ದ. ಗೊತ್ತಿದ್ದರಲ್ಲವೇ ಯಾರಾದರೂ ಹೇಳುವುದು!

ಅವನು ಹನ್ನೆರಡು ವರ್ಷ ತಿಪಟೂರಿನ ಲಾರಿ ಗ್ಯಾರೇಜಿನಲ್ಲಿ ದುಡಿದು, ಊರಿಗೆ ಬಂದು, ರಸ್ತೆ ಪಕ್ಕದ ಹುಣಸೆಮರದಡಿ ಒಂದು ಶೆಡ್ ಹಾಕಿಕೊಂಡವನು. ನೇಗಿಲ ಗುಳದಿಂದ ಹಿಡಿದು ಪಂಪ್‌ಸೆಟ್ಟಿನ ಫ್ಯಾನಿನವರೆಗೆ ಏನು ತಂದರೂ ಬೇಡವೆನ್ನುತ್ತಿರಲಿಲ್ಲ. ತಲೆ ಓಡುತ್ತಿತ್ತು, ಬಾಯಿ ಓಡುತ್ತಿರಲಿಲ್ಲ. ಹೆಂಡತಿ ರಂಗಕ್ಕ ಇದನ್ನು ಉಲ್ಟಾ ಮಾಡಿ ಹೇಳಿದರೆ ತನ್ನ ವರ್ಣನೆಯಾಗುತ್ತದೆಂದು ತಾನೇ ಒಪ್ಪಿಕೊಂಡಿದ್ದಳು.

ಅವನ ಎದೆಯಲ್ಲಿ ಒಂದು ಮುಳ್ಳಿತ್ತು. ತೆಂಗಿನಕಾಯಿ ಕೀಳುವ ದೋಟಿಯ ತುದಿಗೆ ಮಡಚುವ ಕುಡುಗೋಲೊಂದನ್ನು ಅವನು ಮಾಡಿದ್ದ. ವರ್ಷ ಕಳೆಯುವುದರಲ್ಲಿ ಅವನ ಸ್ವಂತ ಭಾವಮೈದುನನೇ ಹುಳಿಯಾರು ಸಂತೆಯಿಂದ ಅಂಥದ್ದೇ ಒಂದನ್ನು ಕೊಂಡು ತಂದು, 'ನೋಡ್ ಭಾವ, ಯಾವನೋ ಬಲೇ ಬುದ್ಧಿವಂತ ಮಾಡವ್ನೆ' ಎಂದು ತೋರಿಸಿದ. ಕುಡುಗೋಲಿನ ಬೆನ್ನಿಗೆ ಹುಳಿಯಾರಿನ ಕಬ್ಬಿಣದಂಗಡಿ ಮಾಯಣ್ಣನ ಗುರುತು ಒತ್ತಿದ್ದರು. ಲಕ್ಕಯ್ಯ ಆ ರಾತ್ರಿ ಮುದ್ದೆ ಮುಟ್ಟಲಿಲ್ಲ. 'ಕಾಸು ಹೋದ್ರೆ ಹೋಗ್ಲಿ ಕಣೇ. ಹೆತ್ತೋನು ಇಲ್ಲೇ ಬದುಕಿರೋವಾಗ ಮಗೀಗೆ ಇನ್ಯಾರೋ ಹೆಸರಿಟ್ರಲ್ಲ' ಎಂದ.

ಗಿಣಿಮೂತಿ ಎಂಬ ಯಂತ್ರ ಹುಟ್ಟಿದ್ದು ನೆರೆಮನೆಯ ಭೂತಮ್ಮನ ಬೆರಳಿನಿಂದ. ಆ ಸೀಮೆಯ ಉಂಡೆ ಕೊಬ್ಬರಿ ಸುಮ್ಮನೆ ಆಗುವುದಿಲ್ಲ. ಕಾಯಿಯನ್ನು ಅಟ್ಟದ ಮೇಲೆ ವರ್ಷ ಹತ್ತಿರ ಹತ್ತಿರ ಬಿಡಬೇಕು, ಒಳಗಿನ ನೀರು ಇಂಗಬೇಕು, ಕಿವಿಗೆ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಕೊಬ್ಬರಿಗೆ ಏಟು ತಾಗದಂತೆ ಮಚ್ಚಿನಿಂದ ಚಿಪ್ಪನ್ನು ಕಟಕಟ ಬಿಡಿಸಬೇಕು. ಒಂದು ಏಟು ಹೆಚ್ಚಾದರೆ ಕೊಬ್ಬರಿ ಹೋಳು, ಒಂದು ಏಟು ತಪ್ಪಿದರೆ ಕೈ. ಚಿಪ್ಪು ಬಿಡಿಸುವುದರಲ್ಲಿ ಊರಿಗೇ ಹೆಸರಾದ ಭೂತಮ್ಮನಿಗೆ ಎಪ್ಪತ್ತಾರರ ಸಂಕ್ರಾಂತಿಯ ಸುಮಾರಿಗೆ ಒಂದೇಟು ತಪ್ಪಿತು. ಎಡಗೈ ತೋರುಬೆರಳಿನ ತುದಿ ಹಾರಿಹೋಯಿತು. ಅಕ್ಕಪಕ್ಕದ ಮನೆ, ಅವಳು ಕಿರುಚಿದ್ದು ಶೆಡ್ಡಿಗೆ ಕೇಳಿಸಿತು.

ಲಕ್ಕಯ್ಯ ಮೂರು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ ಎರಡು ದವಡೆ ಮಾಡಿದ, ಒಳಮೈಗೆ ಟೈರಿನ ರಬ್ಬರ್ ಹೊಡೆದ, ಕೆಳಗೊಂದು ಕಾಲುಮಣೆ ಇಟ್ಟ. ಕಾಯಿ ಇಟ್ಟು ಕಾಲಲ್ಲಿ ಒತ್ತಿದರೆ ಚಿಪ್ಪು ಸುತ್ತಲೂ ಬಿರಿದು ಕೊಬ್ಬರಿ ಗುಂಡಗೆ ಈಚೆ ಬರುತ್ತಿತ್ತು. ಕೈಗೆ ಅಲ್ಲಿ ಕೆಲಸವೇ ಇಲ್ಲ. ದವಡೆಯ ಕೊಕ್ಕು ನೋಡಿ ಭೂತಮ್ಮನೇ 'ಗಿಣಿಮೂತಿ' ಅಂದಳು, ಹೆಸರು ನಿಂತುಬಿಟ್ಟಿತು.

ಮಾಯಣ್ಣನ ಕಣ್ಣಿಗೆ ಬೀಳದ ಹಾಗೆ ಅದನ್ನು ಬಚ್ಚಿಡಬೇಕಿತ್ತು ಎನ್ನುತ್ತೀರಿ. ಬಚ್ಚಿಡುವುದೆಲ್ಲಿ ಬಂತು! ಲಕ್ಕಯ್ಯನ ಅಪ್ಪ ಒಂದು ಕಟ್ಟಳೆ ಹಾಕಿ ಹೋಗಿದ್ದ: ಹೊಸದಾಗಿ ಮಾಡಿದ ಸಾಮಾನು ಮೊದಲು ನೆರೆಹೊರೆಯ ಕೈಯಾಡಬೇಕು, ಹತ್ತು ಕೈ ಆಡದ ಕಬ್ಬಿಣ ಮಾಡಿದವನ ಮನೆಗೆ ಆಗಿಬರುವುದಿಲ್ಲ. ಅಪ್ಪನ ಮಾತು ಮೀರುವುದುಂಟೇ? ಗಿಣಿಮೂತಿ ಮೊದಲು ಭೂತಮ್ಮನ ಮನೆಗೆ ಹೋಯಿತು, ಅಲ್ಲಿಂದ ಬೀದಿಬೀದಿ ಅಲೆಯಿತು. ಮೂರು ವರ್ಷದಲ್ಲಿ ಅದು ಹತ್ತದ ಜಗಲಿ ಊರಲ್ಲಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ ವಿಮಲಮ್ಮನವರು ಕೆಟ್ಟುಹೋದ ಸೂಕ್ಷ್ಮದರ್ಶಕವೊಂದನ್ನು ಅವನ ಶೆಡ್ಡಿಗೆ ತಂದರು. ತಿರುಪು ಸರಿಮಾಡುವಾಗ ಅದರ ಬುಡದಲ್ಲಿ ಒಂದು ಹಿತ್ತಾಳೆ ತಗಡು ಕಂಡಿತು, ಮೇಲೆ ಸಾಸಿವೆಯಷ್ಟು ಅಕ್ಷರ.

'ಇದೇನ್ ಮೇಡಂ ಬರ್ದಿರೋದು?'

'ಪೇಟೆಂಟ್ ನಂಬರ್ ಲಕ್ಕಯ್ಯನವರೇ. ಇದನ್ನ ಮೊದಲು ಕಂಡುಹಿಡಿದವರ ಹೆಸರಲ್ಲಿ ಸರ್ಕಾರ ಕೊಡೋ ಹಕ್ಕು. ಅದಿದ್ರೆ ಬೇರೆಯವರು ಇದನ್ನೇ ಮಾಡಿ ಮಾರೋ ಹಾಗಿಲ್ಲ.'

ಲಕ್ಕಯ್ಯನ ಕೈಯಲ್ಲಿದ್ದ ತಿರುಪುಳಿ ನಿಂತಿತು. ಸರ್ಕಾರವೇ ಹೆಸರು ಕೆತ್ತಿಸುತ್ತದೆ ಎಂದರೆ ಇನ್ನೇನು ಬೇಕು! ಅವರಿಂದ ಮದರಾಸಿನ ಪೇಟೆಂಟ್ ಕಚೇರಿಯ ವಿಳಾಸ ಬರೆಸಿಕೊಂಡ. ಅವತ್ತೇ ಗಿಣಿಮೂತಿಯ ಅಳತೆಗೊಪ್ಪುವ ಒಂದು ಹಿತ್ತಾಳೆ ತಗಡು ಕತ್ತರಿಸಿ, ಉಜ್ಜಿ, ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟ. ಇನ್ನು ನಂಬರು ಬರುವುದೊಂದು ಬಾಕಿ.

ಅರ್ಜಿಯನ್ನೂ ಮೇಡಂ ಕೈಲೇ ಬರೆಸಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಪಾಠ ಹೇಳುವವರಿಗೆ ಅರ್ಜಿಯ ಗುಟ್ಟು ಏನು ಗೊತ್ತು ಎಂದುಕೊಂಡ ಲಕ್ಕಯ್ಯ, ತುರುವೇಕೆರೆ ತಾಲ್ಲೂಕು ಕಚೇರಿ ಮುಂದಿನ ಹೊಂಗೆಮರದಡಿ ಟೈಪು ಹೊಡೆಯುವ ಶಂಭುಲಿಂಗಯ್ಯನವರ ಬಳಿ ಹೋದ. ತಾಲ್ಲೂಕು ಬೇರೆಯಾದರೂ ಅವರ ಕೈಗುಣ ದೊಡ್ಡದು. ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಬಂದಾಗ ಅವರು ಬರೆದ ಅರ್ಜಿಗಳಿಂದ ಎಷ್ಟೋ ಮನೆಗಳಿಗೆ ಹೊಲ ದಕ್ಕಿತ್ತು.

ಶಂಭುಲಿಂಗಯ್ಯನವರು ನಶ್ಯ ಏರಿಸಿ, ಪೂರ್ತಿ ಕೇಳಿ, ನಕ್ಕರು. 'ಲೋ ಲಕ್ಕಯ್ಯ, ಭೂಮಿ ಆದ್ರೇನು, ಮಿಷಿನ್ ಆದ್ರೇನು, ಹಕ್ಕು ಅಂದ್ಮೇಲೆ ಎಲ್ಲಾ ಒಂದೇ ಕಣಪ್ಪ. ಎಷ್ಟು ವರ್ಷದಿಂದ ಅನುಭವದಲ್ಲೈತೆ ಅಂತ ಸಾಬೀತು ಮಾಡ್ಬೇಕು. ಊರೋರದ್ದು ಒಂದು ಮಹಜರು ಮಾಡಿಸ್ಕಂಡ್ ಬಾ. ಸೈ ಜಾಸ್ತಿ ಇದ್ದಷ್ಟೂ ಗಟ್ಟಿ.'

'ಬರೇ ನಾನು ಮಾಡಿದ್ದು ಅಂದ್ರೆ ಸಾಲ್ದಾ ಸ್ವಾಮಿ?'

'ನೀನು ಹೇಳಿದ್ರೆ ಯಾವೋನು ನಂಬ್ತಾನಯ್ಯ?'

ನ್ಯಾಯವಾದ ಮಾತು. ಮಹಜರು ತಯಾರಾಯಿತು: 'ಅರಳಗುಪ್ಪೆ ಗ್ರಾಮದ ಲಕ್ಕಯ್ಯನವರು ಮಾಡಿದ ಈ ಯಂತ್ರವನ್ನು ಕೆಳಗೆ ಸಹಿ ಮಾಡಿದ ನಾವೆಲ್ಲರೂ ೧೯೭೬ನೇ ಇಸವಿಯಿಂದ ಎಲ್ಲರ ಕಣ್ಣೆದುರಿಗೆ ಬಳಸುತ್ತಾ ಬಂದಿರುತ್ತೇವೆ.' ನಲವತ್ತೊಂದು ಮನೆಯವರು ಸಹಿ ಮಾಡಿದರು. ಮೊದಲ ಹೆಬ್ಬೆಟ್ಟು ಭೂತಮ್ಮನದು. ಲಕ್ಕಯ್ಯನಿಗೆ ಆ ಕಾಗದವನ್ನು ಮಡಿಸಲೂ ಮನಸ್ಸು ಬರಲಿಲ್ಲ. ಇಂಥ ಬೆಂಬಲವಿದ್ದ ಅರ್ಜಿ ಮದರಾಸು ಕಂಡಿರಲಿಕ್ಕಿಲ್ಲ ಎಂದುಕೊಂಡ. ಅದು ಮಾತ್ರ ನಿಜವಿರಬೇಕು.

ವರ್ಷದ ಮೇಲೆ ಎರಡು ಹಾಳೆಯ ಉತ್ತರ ಬಂತು, ಇಂಗ್ಲಿಷಿನಲ್ಲಿ. ಶಂಭುಲಿಂಗಯ್ಯನವರು ಮೊದಲ ಹಾಳೆ ಓದಿ ಹುಬ್ಬು ಗಂಟಿಕ್ಕಿದರು. ಇನ್ನೊಂದು ಸಲ ಓದಿದರು. ಎರಡನೇ ಹಾಳೆಯಲ್ಲಿ ಯಾವಾಗಲೂ ಬರೀ ರೂಲ್ಸು ಇರುತ್ತದೆಂದು ಮಡಿಸಿಟ್ಟರು.

'ಇದೇನಯ್ಯ ಇದು, ತಲೆಕೆಟ್ಟೋರು! ಊರೆಲ್ಲ ಮೂರು ವರ್ಷದಿಂದ ಬಳಸ್ತಾ ಇದ್ರೆ ಇದು ಹೊಸದು ಹೆಂಗಾಯ್ತದೆ ಅಂತ ಕೇಳವ್ರೆ. ಅರ್ಜಿ ಹಾಕೋಕೆ ಮುಂಚೆ ಜನ ಬಳಸಿರಬಾರ್ದಂತೆ.'

'ಬಳಸ್ದೆ ಚೆನ್ನಾಗೈತೆ ಅಂತ ಗೊತ್ತಾಗೋದೆಂಗೆ ಸ್ವಾಮಿ?'

'ನನ್ನ ಕೇಳ್ತೀಯಲ್ಲ!'

ಲಕ್ಕಯ್ಯ ಬಸ್ಸು ಹತ್ತುವುದನ್ನೂ ಮರೆತು ತುರುವೇಕೆರೆಯಿಂದ ಅರ್ಧ ದಾರಿ ನಡೆದುಬಿಟ್ಟ. ಹೊಲವನ್ನು ಹೆಚ್ಚು ವರ್ಷ ಉತ್ತಷ್ಟೂ ಅದು ನಿನ್ನದು. ಯಂತ್ರವನ್ನು ಹೆಚ್ಚು ವರ್ಷ ಬಳಸಿದಷ್ಟೂ ಅದು ನಿನ್ನದಲ್ಲ. ಒಂದೇ ಸರ್ಕಾರ, ಒಂದೇ ಸೀಲು! ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಅವನಿಗೆ ಇದರ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ಹೇಳಿದರೆ ರಂಗಕ್ಕ, 'ಹಂಗಾದ್ರೆ ಮಾಡ್ಬುಟ್ಟು ಮಣ್ಣಲ್ಲಿ ಹೂತಿಡ್ಬೇಕಿತ್ತಾ?' ಎಂದು ಮದರಾಸಿನ ಕಡೆಗೆ ನೆಟಿಕೆ ಮುರಿದಳು.

ಶಂಭುಲಿಂಗಯ್ಯನವರು ಸೋಲುವ ಆಳಲ್ಲ. ವಾರದಲ್ಲಿ ಎರಡನೇ ಮಹಜರು ಟೈಪಾಯಿತು: 'ಹಿಂದಿನ ಮಹಜರು ತಿಳಿವಳಿಕೆಯಿಲ್ಲದೆ ಕೊಟ್ಟಿದ್ದು. ಸದರಿ ಯಂತ್ರವನ್ನು ನಾವು ಯಾರೂ ಕಂಡಿರುವುದಿಲ್ಲ, ಮುಟ್ಟಿರುವುದಿಲ್ಲ.' ಊರಿನವರು ಹಬ್ಬಕ್ಕೆ ಬಂದಂತೆ ಬಂದು ಸಹಿ ಹಾಕಿದರು. ತಮ್ಮ ಲಕ್ಕಯ್ಯನಿಗೆ ಒಳ್ಳೆಯದಾಗುವುದಾದರೆ ಒಂದು ಸುಳ್ಳು ಯಾವ ಲೆಕ್ಕ! ಭೂತಮ್ಮ ಜಗಲಿಯ ಮೇಲೆ ಗಿಣಿಮೂತಿಯನ್ನು ಕಾಲಲ್ಲಿ ಒತ್ತುತ್ತಲೇ ಕೈ ಚಾಚಿದಳು.

'ಏ ಲಕ್ಕ, ನಾನು ಗಿಣಿಮೂತಿ ಕಂಡೇ ಇಲ್ಲ ಕಣ್ಲಾ. ಎಲ್ಲಿಗೆ ಒತ್ಲಿ ಹೇಳು.'

ಎಲ್ಲರೂ ಬಿದ್ದು ಬಿದ್ದು ನಕ್ಕರು. ಲಕ್ಕಯ್ಯನೂ ನಗಲು ನೋಡಿದ, ಆಗಲಿಲ್ಲ. ನಲವತ್ತೊಂದು ಜನ ಒಬ್ಬರಾದ ಮೇಲೊಬ್ಬರು, ಪ್ರೀತಿಯಿಂದಲೇ, ನೀನು ಮಾಡಿದ್ದನ್ನು ನಾವು ಕಂಡಿಲ್ಲ ಎನ್ನುತ್ತಿದ್ದರು. ಹೆಸರು ಉಳಿಸಿಕೊಳ್ಳಲು ಹೊರಟವನು ಭೂತಮ್ಮನ ಮೊಂಡು ಬೆರಳನ್ನು ನೋಡಲಾರದೆ ಮುಖ ತಿರುಗಿಸಿದ.

ಅಂಚೆಗೆ ಹಾಕುವ ಮುಂಚೆ ಯಾಕೋ ಮನಸ್ಸು ತಡೆಯದೆ ಕಾಗದಗಳನ್ನೆಲ್ಲ ವಿಮಲಮ್ಮನವರ ಮನೆಗೆ ತೆಗೆದುಕೊಂಡು ಹೋದ. ಅವರು ಮದರಾಸಿನ ಪತ್ರದ ಎರಡನೇ ಹಾಳೆಯನ್ನೂ ಓದಿದರು.

'ಲಕ್ಕಯ್ಯನವರೇ, ಇದನ್ನ ಯಾರೂ ನಿಮಗೆ ಹೇಳಲಿಲ್ವಾ? ಇದೇ ಯಂತ್ರಕ್ಕೆ ನಿಮಗಿಂತ ಆರು ತಿಂಗಳು ಮೊದಲೇ ಹುಳಿಯಾರಿನ ಮಾಯಣ್ಣ ಅನ್ನೋರು ಅರ್ಜಿ ಹಾಕಿದ್ದಾರೆ. ಅದು ಒಪ್ಪಿಗೆ ಆಗೋ ಹಂತದಲ್ಲಿದೆ. ತಕರಾರು ಇದ್ದವರು ನಾಲ್ಕು ತಿಂಗಳೊಳಗೆ ಹೇಳಬೇಕಂತೆ. ಇನ್ನು ಮೂರು ವಾರ ಇದೆ.'

ಲಕ್ಕಯ್ಯ ಬಾಗಿಲ ಬಳಿಯೇ ಕುಕ್ಕರಿಸಿದ. ಮತ್ತೆ ಅವನೇ!

ಮೇಡಂ ಮೊದಲ ಮಹಜರಿನ ನಕಲನ್ನೂ ಎರಡನೆಯದನ್ನೂ ಪಕ್ಕಪಕ್ಕ ಇಟ್ಟು ಬಿಡಿಸಿ ಹೇಳಿದರು. ಯಾರೂ ಕಂಡಿಲ್ಲ ಎನ್ನುವ ಎರಡನೆಯದು ಹೋದರೆ ಯಂತ್ರ ಹೊಸದೆಂದಾಗುತ್ತದೆ. ಆಗ ಮೊದಲು ಅರ್ಜಿ ಹಾಕಿದ ಮಾಯಣ್ಣನಿಗೆ ಹಕ್ಕು ಸಿಗುತ್ತದೆ, ಲಕ್ಕಯ್ಯ ತನ್ನ ಶೆಡ್ಡಿನಲ್ಲೇ ಗಿಣಿಮೂತಿ ಮಾಡುವ ಹಾಗಿಲ್ಲ. ಎಲ್ಲರೂ ಬಳಸಿದ್ದೇವೆ ಎನ್ನುವ ಮೊದಲನೆಯದನ್ನೇ ಹಿಡಿದು ತಕರಾರು ಹೂಡಿದರೆ ಮಾಯಣ್ಣನದು ಬೀಳುತ್ತದೆ. ಜೊತೆಗೆ ಲಕ್ಕಯ್ಯನದೂ ಬೀಳುತ್ತದೆ.

'ಹಂಗಾದ್ರೆ ಇದು ಯಾರ್ದು ಮೇಡಂ?'

'ಕಾನೂನಿನ ಪ್ರಕಾರ ಯಾರದ್ದೂ ಅಲ್ಲ. ಯಾರು ಬೇಕಾದರೂ ಮಾಡಬಹುದು.'

'ನಾನು ಮಾಡಿದ್ದು ಯಾರ್ದೂ ಅಲ್ವಾ?' ಎಂದ. ಎರಡು ಕಾಗದಗಳನ್ನೂ ಒಂದೊಂದು ಕೈಯಲ್ಲಿ ಹಿಡಿದ. ಒಂದು ನಿಜ ಹೇಳಿ ಅವನನ್ನು ಮುಳುಗಿಸಿತ್ತು, ಇನ್ನೊಂದು ಸುಳ್ಳು ಹೇಳಿ ಮುಳುಗಿಸಲು ಕಾದಿತ್ತು. ಎರಡರಲ್ಲೂ ಅದೇ ನಲವತ್ತೊಂದು ಜನ. ಕೊನೆಗೆ, 'ಮೊದಲ್ನೇದೇ ಇರ್ಲಿ ಮೇಡಂ. ಅದ್ರಲ್ಲಾದ್ರೆ ಲಕ್ಕಯ್ಯ ಮಾಡಿದ್ದು ಅಂತೈತೆ' ಎಂದು ಎದ್ದ. ಎರಡನೆಯದನ್ನು ರಂಗಕ್ಕ ಆ ಸಂಜೆಯೇ ಒಲೆಗೆ ಹಾಕಿದಳು.

ಮೇಡಂ ತಕರಾರು ಬರೆದರು, ಊರಿನವರು ಮತ್ತೆ ನಿಜಕ್ಕೆ ಸಹಿ ಹಾಕಿದರು. ಎಂಬತ್ತೆರಡರಲ್ಲಿ ತೀರ್ಮಾನ ಬಂತು. ಮಾಯಣ್ಣನ ಅರ್ಜಿ ತಿರಸ್ಕಾರ, ಲಕ್ಕಯ್ಯನದೂ ತಿರಸ್ಕಾರ. ಅವನು ಕೇಳಿದ: 'ಇದ್ರಲ್ಲಿ ಎಲ್ಲಾದ್ರೂ ನನ್ನ ಹೆಸರೈತಾ ಮೇಡಂ?' ಅವರು ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, 'ಇಲ್ಲಿದೆ ನೋಡಿ' ಎಂದು ಕೊಟ್ಟರು.

ತಿಂಗಳು ಕಳೆದು ವಿಮಲಮ್ಮನವರು ಆ ಬೀದಿಯಲ್ಲಿ ಬಂದಾಗ ಭೂತಮ್ಮನ ಜಗಲಿಯ ಮೇಲಿದ್ದ ಗಿಣಿಮೂತಿಗೆ ಹಿತ್ತಾಳೆ ತಗಡು ಕೂತಿತ್ತು, ಫಳಫಳ ಹೊಳೆಯುತ್ತಿತ್ತು. ಇಂಗ್ಲಿಷ್ ಬಾರದ ಲಕ್ಕಯ್ಯ ಪತ್ರವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಚಿತ್ರ ಬರೆದಂತೆ ಉಳಿಯಲ್ಲಿ ಕೆತ್ತಿದ್ದ. ಅವನ ಹೆಸರು ಎಲ್ಲಿಗೆ ಮುಗಿಯುತ್ತದೆಂದು ಅವನಿಗೇನು ಗೊತ್ತು? ಮೇಡಂ ಬಗ್ಗಿ ಓದಿ ಬಾಯಿಗೆ ಸೆರಗು ಅಡ್ಡ ಹಿಡಿದರು.

'ಏನ್ ಮೇಡಂ, ತಪ್ಪಾಗೈತಾ? ನೀವು ಗೆರೆ ಎಳೆದಷ್ಟೂ ಕೆತ್ತಿವ್ನಿ' ಎನ್ನುತ್ತಾ ಲಕ್ಕಯ್ಯ ಶೆಡ್ಡಿನಿಂದ ಎದ್ದು ಬಂದ.

'ತಪ್ಪಿಲ್ಲ. ಆದರೆ...' ಅವರು ಕನ್ನಡದಲ್ಲಿ ಹೇಳಿದರು: 'ಅರಳಗುಪ್ಪೆಯ ಲಕ್ಕಯ್ಯ ಎಂಬುವರು ಮಾಡಿದ್ದು, ೧೯೭೬ರಿಂದ ಊರಿನವರೆಲ್ಲ ಬಳಸುತ್ತಿರುವುದರಿಂದ ಇದು ಹೊಸದಲ್ಲ.'

ಜಗಲಿಯ ಮೇಲಿದ್ದ ರಂಗಕ್ಕ ಹಣೆ ಚಚ್ಚಿಕೊಂಡಳು. 'ಅಯ್ಯೋ ಇವ್ನ ಬುದ್ಧಿಗಿಷ್ಟು! ಹೊಸದಲ್ಲ ಅಂತಾನೂ ಕೆತ್ತಿ ಕೂರಿಸ್ದಾ?'

ಲಕ್ಕಯ್ಯ ಪೆಚ್ಚಾಗಿ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಬಂದ. ತಗಡಿನ ಮುಂದೆ ಕೂತ. ಭೂತಮ್ಮ ಕಾಲು ತೆಗೆದು, 'ಅಳಿಸ್ತೀಯೇನ್ಲಾ?' ಎಂದಳು. ಅವನು ಅವಳ ಬೆರಳು ನೋಡಿದ, ಜಗಲಿಯ ತುಂಬ ಗುಂಡಗೆ ಬಿದ್ದಿದ್ದ ಕೊಬ್ಬರಿ ನೋಡಿದ, ಅರವನ್ನು ಪಕ್ಕಕ್ಕಿಟ್ಟ.

'ಬುಡಕ್ಕ, ಇರ್ಲಿ. ನೀವೆಲ್ಲಾ ಮುಟ್ಟಿದ್ಮೇಲೆ ಹೊಸದು ಎಲ್ಲಿಂದ ಬತ್ತದೆ?'